ಕೊನೆಗೆ ಬರೆದ ಕಣ್ಣು

"ಏಯ್... ಮುಟ್ಟಬೇಡಿ ಅದನ್ನು!"

ಗೋಡೌನಿನ ಆ ತುದಿಯಿಂದ ಬಂದ ಕೂಗಿಗೆ ರಾಜೀವಿಯ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಮಡಕೆಯ ಚೂರು ಇನ್ನೇನು ಜಾರಬೇಕು... ಅಷ್ಟರಲ್ಲಿ ಓಡಿ ಬಂದವನೊಬ್ಬ ಅವಳ ಬೆರಳುಗಳ ಕೆಳಗೆ ತನ್ನ ಅಂಗೈ ಒಡ್ಡಿದ್ದ.

ಮೊಣಕೈವರೆಗೆ ಒದ್ದೆಯಾದ ಕೈ. ಸಿಟ್ಟಿನಿಂದ ಕೆಂಪಾದ ಮುಖ.

"ಸೆರಗಿನಲ್ಲಿ ಒರೆಸ್ತಿದ್ದೀರಲ್ಲ! ಇದೇನು ಮನೆಯ ಚಾ ಬಸಿಯಾ?"

"ಬಿಳಿ ಧೂಳಿತ್ತು... ಅದಕ್ಕೆ..."

"ಧೂಳಲ್ಲ, ಉಪ್ಪು! ಈ ಊರಿನ ಮಣ್ಣೆಲ್ಲ ಉಪ್ಪು. ಚೂರಿನ ಒಳಗೆ ಕೂತಿರ್ತದೆ. ಒಣಗಿದ ಹಾಗೆ ಮೇಲೆ ಬರ್ತದೆ. ಬರುವಾಗ ಚಿತ್ರವನ್ನೂ ಚಕ್ಕೆ ಎಬ್ಬಿಸಿಕೊಂಡೇ ಬರ್ತದೆ. ನೀವು ಹೀಗೆ ಒರೆಸಿದ್ರೆ ಚಿತ್ರ ನಿಮ್ಮ ಸೆರಗಿಗೆ, ಬರೀ ಮಣ್ಣು ನಮಗೆ!"

ಅವಳ ಕಣ್ಣು ತುಂಬಿತು. ಕೆಲಸದ ಮೊದಲ ದಿನ... ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ!

"ನೀವು ಯಾರು?" ಅವನ ದನಿ ಸ್ವಲ್ಪ ಇಳಿಯಿತು.

"ರಾಜೀವಿ. ಚಿತ್ರ ಬರೆಯುವ ಕೆಲಸಕ್ಕೆ..."

"ಊರು?"

"ಕಾರ್ಕಳದ ಹತ್ತಿರ."

"ಹಾಗಾದ್ರೆ ನಾನು ಕನ್ನಡದಲ್ಲಿ ಬೈದದ್ದು ಪೂರ್ತಿ ಅರ್ಥ ಆಗಿರ್ಬೇಕು," ಎಂದ. ನಗಲಿಲ್ಲ. ಚೂರನ್ನು ನೀರಿನ ತೊಟ್ಟಿಗೆ ಇಳಿಸಿ, ಮಲಗಿದ ಮಗುವಿನ ತಲೆಯ ಕೆಳಗಿಂದ ತೆಗೆಯುವಂತೆ ಮೆಲ್ಲಗೆ ಕೈ ತೆಗೆದ.

'ಎಂಥ ಧಿಮಾಕು!' ಎಂದುಕೊಂಡಳು ರಾಜೀವಿ. ಆದರೂ ಆ ಕೈ ನೀರಿನಿಂದ ಹೊರಬಂದ ಬಗೆಯನ್ನೇ ನೋಡುತ್ತ ನಿಂತಳು.

ಅದು ಎಂಬತ್ತೆರಡನೇ ಇಸವಿ. ಬಹರೈನಿನಲ್ಲಿ ಹೊಸ ರಸ್ತೆ, ಹೊಸ ಮನೆಗಳ ಕೆಲಸ ಭರದಿಂದ ಸಾಗಿತ್ತು. ಬುಲ್ಡೋಜರ್ ಬರುವ ಮೊದಲು ಹಳೆಯ ಸಮಾಧಿಗಳನ್ನು ಅಗೆದು, ಸಿಕ್ಕಿದ್ದನ್ನು ಉಳಿಸಿಕೊಳ್ಳಲು ಪ್ರೊಫೆಸರ್ ಕೆಂಡಲ್ ಎಂಬ ಇಂಗ್ಲಿಷ್ ವಿದ್ವಾಂಸರ ತಂಡ ಮೀನಾ ಸಲ್ಮಾನ್ ಬಂದರಿನ ಬಳಿ ಒಂದು ಗೋಡೌನ್ ಹಿಡಿದಿತ್ತು. ಒಂದು ಸಮಾಧಿಯಲ್ಲಿ ಗ್ರೀಸ್ ದೇಶದ ಪಾತ್ರೆಯೊಂದು ಚೂರುಚೂರಾಗಿ ಸಿಕ್ಕಿತ್ತು. ಕಪ್ಪು ಹಿನ್ನೆಲೆ, ಇಟ್ಟಿಗೆ ಬಣ್ಣದ ಆಕೃತಿಗಳು, ಅವುಗಳ ಮೇಲೆ ಕೂದಲಿನಷ್ಟು ತೆಳುವಾದ ಕಪ್ಪು ಗೆರೆಗಳು.

ಬೈದವನ ಹೆಸರು ರಮಾನಾಥ. ಮೈಸೂರಿನಲ್ಲಿ ಪುರಾತತ್ವ ಓದಿ ಬಂದವನು, ಪ್ರೊಫೆಸರ ಸಹಾಯಕ. ಚೂರುಗಳ ಉಪ್ಪು ಬಿಡಿಸಿ, ಜೋಡಿಸಿ, ಮೇಲಿರುವುದು ಯಾವ ಪುರಾಣದ ಕಥೆ, ಯಾವ ಕಾಲದ್ದು ಎಂದು ಗುರುತಿಸುವುದು ಅವನ ಕೆಲಸ. ಒಣಗಿದ ಚೂರಿನ ಗೆರೆಗಳನ್ನು ಕಾಗದಕ್ಕಿಳಿಸುವುದು ರಾಜೀವಿಯ ಕೆಲಸ. ಅವಳ ಮನೆಮಾತು ತುಳು, ಅವನದು ಕೊಂಕಣಿ. ಇಬ್ಬರ ನಡುವೆ ಕನ್ನಡ.

"ಒಂದೇ ನಿಯಮ," ಎಂದಿದ್ದ ರಮಾನಾಥ. "ಕಂಡದ್ದನ್ನು ಮಾತ್ರ ಬರೀಬೇಕು. ಕಾಣದ ಜಾಗ ಖಾಲಿ ಬಿಡ್ಬೇಕು."

ಅವಳು ತಲೆಯಾಡಿಸಿದ್ದಳು. ಆದರೆ ಒಳಗೊಳಗೇ ಹೆದರಿಕೆ. ಹತ್ತನೇ ಕ್ಲಾಸು, ಆಮೇಲೆ ಮಂಗಳೂರಿನ ಸಂಜೆ ತರಗತಿಯಲ್ಲಿ ಒಂದಿಷ್ಟು ಡ್ರಾಯಿಂಗು... ಅಷ್ಟೇ ಅವಳ ವಿದ್ಯೆ. ಉಳಿದದ್ದೆಲ್ಲ ಅಪ್ಪನ ಪಕ್ಕ ಕೂತು ಕಲಿತದ್ದು. ಅಪ್ಪ ದೈವದ ಗುಡಿಗಳ ಬಾಗಿಲಿಗೆ, ಗೋಡೆಗೆ ಚಿತ್ರ ಬರೆಯುವವರು.

'ನನಗೆ ಗೊತ್ತಿಲ್ಲದ್ದು ಒಂದು ದಿನ ಇವರಿಗೆ ಗೊತ್ತಾಗಿಬಿಡುತ್ತದೆ' ಎಂಬ ಅಳುಕು ಅವಳನ್ನು ಬಿಟ್ಟದ್ದೇ ಇಲ್ಲ.

ದಿನ ಕಳೆದಂತೆ ಆ ಸಿಡುಕು ಮುಖದ ಹಿಂದೆ ಬೇರೊಬ್ಬ ಮನುಷ್ಯ ಕಾಣತೊಡಗಿದ. ಮಧ್ಯಾಹ್ನ ಅವಳು ತಂದ ಬಂಗುಡೆ ಮೀನಿನ ಗಸಿಯ ಡಬ್ಬಿ ತೆರೆದರೆ ಸಾಕು, "ಇದನ್ನೂ ತೊಟ್ಟಿಯಲ್ಲಿ ನೆನೆಸ್ಬೇಕಿತ್ತು, ಎಂಥ ಉಪ್ಪು ಮಾರಾಯ್ರೆ!" ಎಂದು ಕಾಡುತ್ತಲೇ ಕೊನೆಯ ತುತ್ತಿನವರೆಗೆ ತಿನ್ನುತ್ತಿದ್ದ.

"ತಿನ್ನಬೇಡಿ ಹಾಗಾದ್ರೆ!"

"ಹಾಳಾಗ್ತದಲ್ಲ ಅಂತ ತಿನ್ನುವುದು."

ಅವನು ನೋಡದಿದ್ದಾಗ ಅವಳು ನಗುತ್ತಿದ್ದಳು. ಅವಳು ನೋಡದಿದ್ದಾಗ ಅವನು ಅವಳನ್ನೇ ನೋಡುತ್ತಿದ್ದ.

ಒಂದು ದಿನ ಜೋಡಿಸಿದ ಚೂರುಗಳನ್ನು ಮರಳಿನ ತಟ್ಟೆಯಲ್ಲಿ ಊರಿ ನಿಲ್ಲಿಸಿ ಅವಳನ್ನು ಕರೆದ.

"ಬನ್ನಿ. ಇವರು ಎಂತ ಮಾಡ್ತಿದ್ದಾರೆ, ಹೇಳಿ ನೋಡುವ."

ಶಿರಸ್ತ್ರಾಣ ತೊಟ್ಟ ಯುವಕ. ಅವನ ಕಾಲ ಬಳಿ ಕುಸಿದ ಒಬ್ಬಳು ಹೆಂಗಸು. ಅವಳ ಮುಖದ ಚೂರು ಇನ್ನೂ ಸಿಕ್ಕಿರಲಿಲ್ಲ. ಯುವಕನ ಕೈ ಅವಳ ತೋಳನ್ನು ಹಿಡಿದಿತ್ತು.

"ಬಿದ್ದವಳನ್ನು ಎತ್ತುತ್ತಿದ್ದಾನೆ. ಒಳ್ಳೆಯವನು."

"ಇನ್ನೊಂದು ಕೈ ನೋಡಿ."

ಇನ್ನೊಂದು ಕೈಯಲ್ಲಿ ಕತ್ತಿಯ ಹಿಡಿ! ಅಲಗು ಅವಳ ಎದೆಯೊಳಗೆ...

"ಪಟ್ಟೆ ಪಟ್ಟೆಯ ಪಾಯಿಜಾಮ ಹಾಕಿದ ಹೆಂಗಸು ಅಂದ್ರೆ ಅಮೆಜಾನ್. ಯುದ್ಧ ಮಾಡುವ ಹೆಂಗಸರು ಅವರು. ಇವಳು ಅವರ ರಾಣಿ, ಪೆಂಥೆಸಿಲಿಯಾ. ಅವನು ಅಕಿಲೀಸ್. ಕತ್ತಿ ಇಳಿಸಿದ ಮೇಲೆ ಅವಳ ಮುಖ ನೋಡಿದ. ಪ್ರೀತಿ ಹುಟ್ಟಿತು. ಅಷ್ಟರಲ್ಲಿ ಅವಳು ಸತ್ತಳು."

"ಕೊಂದ ಮೇಲೆ ಎಂಥದ್ದು ಪ್ರೀತಿ!"

ಅವಳ ದನಿ ಗೋಡೌನಿನ ತಗಡಿಗೆ ಬಡಿದು ಮರಳಿತು. ರಮಾನಾಥ ಬೆಚ್ಚಿ ನೋಡಿದ.

"ನನ್ನ ಅಕ್ಕ ಸತ್ತಾಗ ಭಾವ ಎದೆ ಬಡಿದುಕೊಂಡು ಅತ್ತ," ಎಂದಳು ರಾಜೀವಿ. "ಊರಿಡೀ ಅಯ್ಯೋ ಅಂದಿತು. ಅಕ್ಕನ ಬೆನ್ನಿನ ಬಾಸುಂಡೆ ನಾನು ನೋಡಿದ್ದೇನೆ... ಬಾಣಂತಿಗೆ ನೀರು ಹಾಕುವಾಗ. ಅಪ್ಪನಿಗೆ ಹೇಳಿದ್ರೆ ನಂಬ್ಲಿಲ್ಲ. ಈಗ ಮಗುವಿಗೆ ತಾಯಿ ಬೇಕಂತ ನನ್ನನ್ನೇ ಅವನಿಗೆ ಕೊಡುವ ಮಾತು ಆಗಿದೆ. ವಾಯೊಲೆಟ್ ವೀಸಾ ಕಳಿಸದಿದ್ರೆ..."

ವಾಯೊಲೆಟ್ ಅವಳ ಊರಿನ ಗೆಳತಿ, ಮನಾಮದಲ್ಲಿ ನರ್ಸ್. ಅವಳ ಕೋಣೆಯಲ್ಲೇ ರಾಜೀವಿಯ ವಾಸ.

"ಈ ಕೆಲಸ ಇರುವವರೆಗೆ ವೀಸಾ. ವೀಸಾ ಇರುವವರೆಗೆ ನಾನು ಬಚಾವ್. ಆಮೇಲೆ... ಭಾವನ ಮನೆ."

ರಮಾನಾಥ ಮರಳಿನ ತಟ್ಟೆಯನ್ನು ಮೆಲ್ಲಗೆ ಬದಿಗೆ ಸರಿಸಿದ.

"ನಿಮ್ಮ ಕೆಲಸ ಹೋಗುವುದಿಲ್ಲ," ಎಂದ. ಅಷ್ಟೇ. ಆದರೆ ಆ ಸಂಜೆ ತಂಡದ ವ್ಯಾನಿನಲ್ಲಿ ಮನೆಗೆ ಹೋಗುವಾಗ ರಾಜೀವಿಗೆ ಉಸಿರು ಎಷ್ಟೋ ತಿಂಗಳ ಮೇಲೆ ಸರಾಗವಾಗಿ ಆಡಿತು.

ಮುಖದ ಚೂರು ಸಿಕ್ಕಿದ್ದು ಅದಾದ ಮೇಲೆ. ಉಪ್ಪಿನ ಗಡ್ಡೆಯಂತಿದ್ದದ್ದು ನೀರಿನಲ್ಲಿ ನಿಧಾನವಾಗಿ ಬಿಟ್ಟು, ಒಳಗಿಂದ ರಾಣಿಯ ಪಕ್ಕಮುಖ ಕಾಣಿಸಿತು.

"ನಾನು ಈಗಲೇ ಬರೀತೇನೆ!" ಎಂದಳು ರಾಜೀವಿ, ಖುಷಿಯಿಂದ.

"ಬೇಡ. ಇದು ಈಗ ನಿಮ್ಮ ಕೈಗೆ ಬೇಡ."

ಹೊರಗೆ ಡ್ರೈವರ್ ಇಬ್ರಾಹಿಂ ಹಾರ್ನ್ ಬಡಿಯುತ್ತಿದ್ದ. ಆಲಿ ಊರಿನ ಸಮಾಧಿ ದಿಬ್ಬಗಳಲ್ಲಿ ಬುಲ್ಡೋಜರ್ ಬಂದು ನಿಂತಿತ್ತು. ರಮಾನಾಥ ಮತ್ತೇನೂ ಹೇಳದೆ ಓಡಿದ. ಕೆಲವು ದಿನ ಅಲ್ಲೇ ಕೆಲಸ.

ರಾಜೀವಿ ನಿಂತಲ್ಲೇ ನಿಂತಳು. 'ನನ್ನ ಕೈಗೆ ಬೇಡ... ಹೌದು, ಇದು ಗುಡಿಯ ಬಾಗಿಲು ಬರೆಯುವವನ ಮಗಳ ಕೈ. ಮೈಸೂರಿನಲ್ಲಿ ಓದಿದ ಕೈಯಲ್ಲ. ಇಷ್ಟು ದಿನ ನಕ್ಕದ್ದು, ಮಾತಾಡಿದ್ದು ಎಲ್ಲ ಬರೀ ಕರುಣೆ!'

ಮುಖ ಸಿಕ್ಕಿದ ಸುದ್ದಿ ತಿಳಿದು, ಮರುದಿನ ಇಂಗ್ಲೆಂಡಿಗೆ ಹೋಗಿದ್ದ ಪ್ರೊಫೆಸರ ಟೆಲೆಕ್ಸ್ ಬಂತು: ಮುಖದ ಚಿತ್ರ ಕೂಡಲೇ ಕಳಿಸಿ.

'ಬರೆದು ತೋರಿಸುತ್ತೇನೆ,' ಎಂದುಕೊಂಡಳು. ಚೂರನ್ನು ನೀರಿನಿಂದ ತೆಗೆದು ಮೇಜಿನ ಮೇಲಿಟ್ಟಳು. ತಲೆಯ ಮೇಲೆ ಎ.ಸಿ.ಯ ಒಣ ಗಾಳಿ.

ಕೂದಲು ಬರೆದಳು. ಹಣೆ, ಮೂಗು, ಅರೆತೆರೆದ ತುಟಿ, ಗಲ್ಲ, ಕತ್ತಿನ ಬಾಗು. ಕಣ್ಣನ್ನು ಮಾತ್ರ ಕೊನೆಗೆ ಇಟ್ಟುಕೊಂಡಳು.

ಅಪ್ಪನ ಪದ್ಧತಿ ಹಾಗೆ. ದೈವದ ಕಿರೀಟ, ಒಡವೆ, ಕೈಕಾಲು ಎಲ್ಲ ಮುಗಿದ ಮೇಲೆ, ಹೊರಗೆ ಹೋಗಿ ಕೈಕಾಲು ತೊಳೆದು ಬಂದು, ಕಟ್ಟಕಡೆಗೆ ಕಣ್ಣು. ಚಿಕ್ಕಂದಿನಿಂದ ಪಳಗಿದ ಕೈ. ಇಲ್ಲಿ ಹಾಗೆ ಕಾಯಬೇಕಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಕೈ ತೊಳೆದು ಬಂದು ಚೂರನ್ನು ನೋಡಿದಳು...

ಮುಖದ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಉಪ್ಪು ಅರಳಿತ್ತು. ಕಣ್ಣಿದ್ದ ಜಾಗದಲ್ಲಿ ಒಂದು ಚಕ್ಕೆ ಎದ್ದಿತ್ತು. ಅವಳ ಉಸಿರು ತಾಗಿದ್ದೇ ತಡ, ಪುಡಿಯಾಗಿ ಉದುರಿತು.

"ಅಯ್ಯೋ ದೇವರೇ!"

ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನೊಳಗೆ ತೆರೆದೇ ಇದ್ದ ಕಣ್ಣು. ಅವಳ ಮೇಜಿನ ಮೇಲೆ ಹೋಯಿತು!

ಕಣ್ಣು ಹೇಗಿತ್ತು? ನೆನಪಿಸಿಕೊಳ್ಳಲು ಒದ್ದಾಡಿದಳು. ನೋಡಿದ್ದಳು, ಆದರೆ ಗಮನವಿಟ್ಟಿರಲಿಲ್ಲ. ಕಣ್ಣು ಕೊನೆಗೆ ತಾನೇ ಬರೆಯುವುದು ಎಂದುಕೊಂಡಿದ್ದಳು. ಜಾಗ ಖಾಲಿ ಬಿಡಬೇಕಿತ್ತು. ಬಿಟ್ಟರೆ ಎಲ್ಲರಿಗೂ ತಿಳಿಯುತ್ತದೆ. ಕೆಲಸ, ವೀಸಾ, ಭಾವನ ಮನೆಯ ಬಾಗಿಲು... ಅಲ್ಲದೆ ಕಣ್ಣಿಡದ ಮುಖವನ್ನು ಅಪ್ಪ ಒಮ್ಮೆಯೂ ಬಿಟ್ಟೆದ್ದವರಲ್ಲ.

ಅವಳ ಕೈ ತಾನಾಗಿಯೇ ಬರೆಯಿತು. ಪಕ್ಕಕ್ಕೆ ತಿರುಗಿದ ಮುಖದಲ್ಲಿ, ಎದುರಿನಿಂದ ನೋಡುವಂಥ ಇಡೀ ಕಣ್ಣು. ದೈವದ ಕಣ್ಣು.

ಚೂರನ್ನು ಮತ್ತೆ ನೀರಿಗೆ ಇಳಿಸಿ, ಚಿತ್ರವನ್ನು ಇಂಗ್ಲೆಂಡಿಗೆ ಕಳಿಸಿದಳು.

ಚಿತ್ರ ಕಂಡ ಪ್ರೊಫೆಸರ್ ಕೆಂಡಲ್ ವಿಮಾನ ಹತ್ತಿ ಬಂದೇ ಬಿಟ್ಟರು! ಬಿಳಿಗೂದಲ ಮುದುಕರು ಮಗುವಿನಂತೆ ಅವಳ ಕೈ ಕುಲುಕಿದರು.

"ಈ ಕಣ್ಣು, ಮಿಸ್ ರಾಜೀವಿ! ಗ್ರೀಕರಲ್ಲಿ ಹಳೆಯ ಚಿತ್ರಕಾರರು ಪಕ್ಕಮುಖಕ್ಕೂ ಇಡೀ ಕಣ್ಣು ಬರೆಯುತ್ತಿದ್ದರು. ಬದಿಯಿಂದ ಕಾಣುವಂಥ ಅರ್ಧ ಕಣ್ಣು ಬಂದದ್ದು ಆಮೇಲೆ. ನಾವು ಅಂದುಕೊಂಡದ್ದಕ್ಕಿಂತ ಈ ಪಾತ್ರೆ ಎಷ್ಟೋ ಹಳತು!"

ಒಂದು ಕಣ್ಣಿನಿಂದ ಕಾಲ ಲೆಕ್ಕ ಹಾಕುತ್ತಾರೆಂದು ರಾಜೀವಿಗೇನು ಗೊತ್ತು?

ಪ್ರೊಫೆಸರ್ ದೊಡ್ಡವರನ್ನೆಲ್ಲ ಕರೆದು ಉಪನ್ಯಾಸ ಕೊಡುವುದೆಂದು ನಿಶ್ಚಯಿಸಿದರು. ಬಟ್ಟೆಯ ನೆರಿಗೆಗಳು ಆಮೇಲಿನ ಕಾಲದ ಶೈಲಿಯವು ಎಂದು ರಮಾನಾಥ ಹೇಳಿದ್ದಕ್ಕೆ, "ಹಾಗಾದರೆ ಆ ನೆರಿಗೆಯ ಚೂರು ಬೇರೆ ಪಾತ್ರೆಯದು. ನೀವು ತಪ್ಪು ಜೋಡಿಸಿದ್ದೀರಿ," ಎಂದುಬಿಟ್ಟರು.

ಆ ಮಧ್ಯಾಹ್ನ ರಮಾನಾಥ ಅವಳ ಮೇಜಿನ ಬಳಿ ಬಂದ. ಕೈಯಲ್ಲಿ ಭೂತಗನ್ನಡಿ.

"ನೀರಲ್ಲಿ ನಾನು ನೋಡಿದ ಕಣ್ಣು ಅರ್ಧ ಕಣ್ಣು, ರಾಜೀವಿ. ನೀವು ಬರೆದದ್ದು ಇಡೀ ಕಣ್ಣು. ಚೂರಿನಲ್ಲಿ ಈಗ ಯಾವ ಕಣ್ಣೂ ಇಲ್ಲ. ಎಂತ ಆಯಿತು?"

'ಹೇಳು... ಈಗಲೇ ಹೇಳು...'

"ನಾನು... ಕಂಡದ್ದನ್ನೇ ಬರೆದೆ. ಆಗ ಇತ್ತು. ತಿರುಗಿ ನೀರಿಗೆ ಹಾಕಿದ ಮೇಲೆ... ಗೊತ್ತಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಅವಳು ನಿರೀಕ್ಷಿಸದ ಮಾತು ಹೇಳಿದ.

"ನೀವು ಕಂಡಿದ್ರೆ ಕಂಡಿದ್ದೀರಿ. ಹಾಗಾದ್ರೆ ನನ್ನ ಕಣ್ಣೇ ತಪ್ಪು. ತೊಟ್ಟಿಯ ಉಪ್ಪುನೀರು ಬದಲಾಯಿಸ್ಲಿಕ್ಕೆ ನಾನು ಆಲಿಯಿಂದ ಬೇಗ ಬರ್ಬೇಕಿತ್ತು. ನನ್ನಿಂದಲೇ ಹೋಯಿತು ಅದು."

"ನೀವೇ ಅಲ್ವಾ... ನನ್ನ ಕೈಗೆ ಬೇಡ ಅಂದದ್ದು?" ಅವಳಿಗೆ ಕೇಳದೆ ಇರಲಾಗಲಿಲ್ಲ.

"ಉಪ್ಪು ಪೂರ್ತಿ ಬಿಟ್ಟಿರ್ಲಿಲ್ಲ. ನಿಮ್ಮ ಮೇಜಿನ ಮೇಲೆ ಉದುರಿದ್ರೆ ಹೆಸರು ನಿಮ್ಮದು ಹಾಳಾಗ್ತಿತ್ತು. ಕೆಲಸ ಹೋಗುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ... ಅದಕ್ಕೆ ನಿಮ್ಮ ಕೈಗೆ ಬೇಡ ಅಂದದ್ದು."

ರಾಜೀವಿ ಬಾಯಿ ತೆರೆಯುವಷ್ಟರಲ್ಲಿ ರಮಾನಾಥ ಪ್ರೊಫೆಸರ ಕೋಣೆಗೆ ಹೋಗಿದ್ದ. ತಪ್ಪು ತನ್ನದೆಂದು ಹೇಳಲು!

ಗಾಜಿನ ಬಾಗಿಲಿನ ಹಿಂದೆ ಪ್ರೊಫೆಸರ ದನಿ ಏರಿತು. ತಪ್ಪು ಜೋಡಣೆ, ಈಗ ಈ ನಿರ್ಲಕ್ಷ್ಯ... ಉಪನ್ಯಾಸ ಮುಗಿಯುವ ಮೊದಲೇ ಬೀಗದ ಕೈ ಒಪ್ಪಿಸಿ ರಮಾನಾಥ ಊರಿಗೆ ಹೊರಡಬೇಕು.

ಆ ಸಂಜೆ ಅವಳು ವಾಯೊಲೆಟ್‌ಗೆ ಎಲ್ಲವನ್ನೂ ಹೇಳಿದಳು.

ಡ್ಯೂಟಿಗೆ ಹೊರಟಿದ್ದ ವಾಯೊಲೆಟ್ ಕೂದಲಿಗೆ ಪಿನ್ ಸಿಕ್ಕಿಸುವುದನ್ನು ನಿಲ್ಲಿಸಿದಳು. "ಅವನು ನಂಬಿದನಾ?"

"ಹ್ಞೂಂ."

"ಬೈದಿದ್ರೆ ಒಳ್ಳೇದಿತ್ತು ಮಾರಾಯ್ತಿ."

"ನಿಜ ಹೇಳಿದ್ರೆ ನನ್ನನ್ನು ಕಳಿಸ್ತಾರೆ, ವಾಯೊಲೆಟ್. ಅಲ್ಲಿ ಭಾವ..."

"ಗೊತ್ತು. ನಿನ್ನ ಅಕ್ಕನ ಹೆಣ ತೊಳೆದವರಲ್ಲಿ ನನ್ನ ಅಮ್ಮನೂ ಇದ್ದಳು." ವಾಯೊಲೆಟ್ ಚಪ್ಪಲಿ ಮೆಟ್ಟಿದಳು. "ಹೇಳು ಅಂತ ನಾನು ಹೇಳುವುದಿಲ್ಲ. ಹೋಗುವವಳು ನೀನು, ನಾನಲ್ಲ. ಆದ್ರೆ ಉಳಿದ್ರೆ ನಿದ್ದೆಮಾತ್ರೆ ನನ್ನ ಹತ್ತಿರ ಕೇಳ್ಬೇಡ."

ಬೆಳಿಗ್ಗೆ ರಾಜೀವಿ ಗೋಡೌನಿಗೆ ಹೋದಾಗ ರಮಾನಾಥ ಚೂರುಗಳ ಪೆಟ್ಟಿಗೆ ತೆರೆದು ನಿಂತಿದ್ದ. ಒಂದು ಚೂರನ್ನು ಕಣ್ಣ ಹತ್ತಿರ ಹಿಡಿಯುತ್ತಿದ್ದ, ದೂರ ಹಿಡಿಯುತ್ತಿದ್ದ, ಮತ್ತೆ ಹತ್ತಿರ... ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡುವವನ ಹಾಗೆ.

ಅದನ್ನು ನೋಡಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಸರ್!" ಪ್ರೊಫೆಸರ ಬಾಗಿಲಿನಲ್ಲಿ ನಿಂತು, ಬಾರದ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಕಿತ್ತು ತೆಗೆದಂತೆ ಹೇಳಿದಳು. "ಆ ಕಣ್ಣ ಗೆರೆ ನಾನು ನೋಡಿ ಬರೆದದ್ದಲ್ಲ. ಚೂರನ್ನು ನೀರಿನಿಂದ ತೆಗೆದವಳು ನಾನು. ಒಣಗಿಸಿದವಳು ನಾನು. ಕಣ್ಣು ನನ್ನ ಮೇಜಿನ ಮೇಲೆ ಉದುರಿತು. ಹೆದರಿ, ನನ್ನ ಊರಿನ ಕಣ್ಣು ಬರೆದೆ. ರಮಾನಾಥ್ ನೋಡಿದ್ದೇ ನಿಜ. ಅವರು ಜೋಡಿಸಿದ್ದೂ ಸರಿ."

ಪೆಟ್ಟಿಗೆಯ ಬಳಿ ಏನೋ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ.

ಪ್ರೊಫೆಸರ್ ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ಒಮ್ಮೆಗೇ ಬಹಳ ಮುದುಕರಾದಂತೆ ಕಂಡರು.

"ನಾನು ಆ ಕಣ್ಣನ್ನು ನಂಬಲು ಬಯಸಿದ್ದೆ," ಎಂದರು. "ನೆರಿಗೆಗಳು ನನಗೂ ಕಂಡಿದ್ದವು..."

ಫೋನೆತ್ತಿ ಉಪನ್ಯಾಸ ರದ್ದು ಮಾಡಿದರು. ಹೊರಗೆ ಬಂದು ರಮಾನಾಥನ ಮುಂದೆ ತಲೆ ತಗ್ಗಿಸಿದರು. ಆಮೇಲೆ ರಾಜೀವಿಯತ್ತ ತಿರುಗಿ, ಕಠಿಣವಾಗಿಯೇ ಹೇಳಿದರು.

"ನೀವು ಹೋಗಬೇಕು. ಇಂಥ ಕೆಲಸದಲ್ಲಿ ಬೇರೆ ದಾರಿಯಿಲ್ಲ."

ರಮಾನಾಥ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಅವಳತ್ತ ನೋಡದೆ, ಬಿಸಿಲಿಗೆ ನಡೆದುಬಿಟ್ಟ.

ಹೊರಡುವ ದಿನ ಹತ್ತಿರವಾಯಿತು. ಅವನ ಸುದ್ದಿಯಿಲ್ಲ. ರಾಜೀವಿ ಅತ್ತು ಅತ್ತು ಬತ್ತಿದ್ದಳು. 'ಬರಬಾರದು. ಯಾವ ಮುಖ ಇಟ್ಟುಕೊಂಡು ಅವರು ಬರಲಿ ಎಂದು ಬಯಸಲಿ?'

ಕಿಟಕಿಯ ಬಳಿ ಬಟ್ಟೆ ಹರವುತ್ತಿದ್ದ ವಾಯೊಲೆಟ್ ಕೆಳಗೆ ಇಣುಕಿದಳು.

"ಒಂದು ಗಂಡಸು ಆಗಿನಿಂದ ಬೀದಿಯಲ್ಲಿ ನಿಂತಿದೆ. ಬಿಸಿಲಿಗೆ ಪಾಪಡ್ ಆಗ್ತಾ ಉಂಟು. ನೀನು ಇಳೀತೀಯಾ, ನಾನು ನೀರು ಎರಚಲಾ?"

ರಾಜೀವಿ ಮೆಟ್ಟಿಲಿಳಿದದ್ದು ಹೇಗೋ ಅವಳಿಗೇ ಗೊತ್ತಿಲ್ಲ.

ಅವನು ಸೊರಗಿದ್ದ. ಗಡ್ಡ ಬೆಳೆದಿತ್ತು.

"ಪ್ರೊಫೆಸರ್ ತಿರುಗಿ ಕರೆದ್ರು," ಎಂದ. "ರಜೆ ಕೇಳಿದೆ. ಕೊಟ್ರು."

"ನನ್ನನ್ನು... ಕ್ಷಮಿಸಿ ಅಂತ ಕೇಳ್ಲಿಕ್ಕೂ..."

"ಕೇಳ್ಬೇಡಿ. ನನಗೆ ಸಿಟ್ಟುಂಟು. ಸ್ವಂತ ಕಣ್ಣನ್ನು ನಂಬದೆ ಇರುವುದು ಹೇಗಿರ್ತದೆ, ಗೊತ್ತುಂಟಾ ನಿಮಗೆ? ಕಪ್ಪು ಯಾವುದು, ಕೆಂಪು ಯಾವುದು ಅಂತ ನನಗೇ ಅನುಮಾನ. ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು!"

ಅವಳು ಬಿಕ್ಕಿದಳು.

"ಸಿಟ್ಟು ಇನ್ನೂ ಸುಮಾರು ದಿನ ಇರ್ತದೆ," ಎಂದ ಅವನು. "ನೀವು ಅಲ್ಲಿ, ನಾನು ಇಲ್ಲಿ ಇದ್ರೆ ಯಾರ ಹತ್ತಿರ ಜಗಳ ಮಾಡ್ಲಿ? ನನಗೆ ನೀವು ಬೇಕು, ರಾಜೀವಿ. ಸಿಟ್ಟಿನ ಜೊತೆಗೇ ಬೇಕು. ಇಲ್ಲೇ ಗುಡಿಯಲ್ಲಿ ಮದುವೆ ಆಗುವ. ಭಾವನ ಮನೆ ಕಡೆ ನೀವು ತಿರುಗಿಯೂ ನೋಡ್ಬೇಕಿಲ್ಲ."

ಎಷ್ಟು ಕಾದಿದ್ದಳು ಈ ಮಾತಿಗೆ! ಹ್ಞೂಂ ಎಂದರೆ ಸಾಕಿತ್ತು.

"ಇಲ್ಲ," ಎಂದಳು ರಾಜೀವಿ.

ಅವನ ಮುಖ ಕಂದಿತು.

"ಭಾವನಿಗೆ ಹೆದರಿಯೇ ನಾನು ನಿಮ್ಮ ಮೇಲೆ ಆ ಸುಳ್ಳು ಹೊರಿಸಿದ್ದು. ಅದೇ ಹೆದರಿಕೆಯಿಂದ ನಿಮ್ಮ ಕೈ ಹಿಡಿದ್ರೆ, ಅದೂ ಒಂದು ಸುಳ್ಳೇ ಆಗ್ತದೆ." ಅವಳು ಕಣ್ಣೊರೆಸಿಕೊಂಡಳು. "ಊರಿಗೆ ಹೋಗ್ತೇನೆ. ಅಪ್ಪನ ಎದುರು, ಭಾವನ ಎದುರು ನಿಂತು, ಅಕ್ಕನ ಬೆನ್ನಿನ ಮೇಲೆ ಎಂತ ಇತ್ತು ಅಂತ ಹೇಳ್ತೇನೆ. ಮಗುವನ್ನು ನಾನು ಸಾಕ್ತೇನೆ, ಅವನನ್ನು ಮದುವೆ ಆಗುವುದಿಲ್ಲ ಅಂತ ಹೇಳ್ತೇನೆ. ಆಮೇಲೆ... ಆಮೇಲೂ ನಿಮಗೆ ನಾನು ಬೇಕಾದ್ರೆ..."

"ಅವರು ಹೊಡೆದ್ರೆ?"

"ಹೊಡೀಲಿ. ಅಕ್ಕನ ಹಾಗೆ ಸುಮ್ಮನೆ ಇರುವುದಿಲ್ಲ ನಾನು."

ರಮಾನಾಥ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟೂ ಇತ್ತು, ಕಣ್ಣೀರೂ ಇತ್ತು.

"ನನ್ನ ಟಿಕೆಟೂ ಅದೇ ವಿಮಾನಕ್ಕೆ ಮಾಡಿಸ್ತೇನೆ," ಎಂದ. "ಮಾತಾಡುವವರು ನೀವೇ. ನಾನು ಹೊರಗೆ ಜಗುಲಿಯಲ್ಲಿ ಕೂತಿರ್ತೇನೆ."

"ಅಪ್ಪ ಕೂರ್ಲಿಕ್ಕೆ ಹೇಳ್ಲಿಕ್ಕಿಲ್ಲ."

"ನಿಂತಿರ್ತೇನೆ."

"ಬಹಳ ಹೊತ್ತಾಗಬಹುದು..."

"ಆಗ್ಲಿ."

ಅವಳು ಮೊದಲ ಬಾರಿಗೆ, ಬೀದಿಯೆಂಬುದನ್ನೂ ಮರೆತು, ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಒಳಗೆ ಯಾವಾಗ ಬರ್ತೀರಿ?"

"ನೀವು ಕರೆದಾಗ."